ಕೌಂಟ್ ನಾರ್ಮಲ್ ಆಯ್ತಲ್ಲ, ಮತ್ಯಾಕೆ ಕೀಮೋ?

ಒಂದು ಮನೆಯವರ ವಿಷಯದಿಂದ ಶುರು ಮಾಡ್ತೀನಿ. ತುಂಬಾ ವರ್ಷದ ಹಿಂದಿನ ಮಾತು, ನಾನಿನ್ನೂ ಟ್ರೈನಿಂಗ್‌ನಲ್ಲಿದ್ದೆ. ಉತ್ತರ ಕರ್ನಾಟಕದ ಕಡೆಯ ಒಬ್ಬ ಹುಡುಗ, ಇಪ್ಪತ್ತರ ಆಸುಪಾಸು, ಎಎಂಎಲ್ ಅಂದ್ರೆ ಅಕ್ಯೂಟ್ ಮೈಲಾಯ್ಡ್ ಲ್ಯುಕೀಮಿಯಾ, ಬೇಗ ಬೆಳೆಯೋ ಒಂದು ಥರದ ರಕ್ತದ ಕ್ಯಾನ್ಸರ್. ಮೊದಲನೇ ಕೀಮೋ ಮುಗಿದು ನಾಲ್ಕು ವಾರಕ್ಕೆ ಬೋನ್ ಮ್ಯಾರೋ, ಅಂದ್ರೆ ಮೂಳೆ ಒಳಗೆ ರಕ್ತ ತಯಾರಾಗೋ ಮಜ್ಜೆ, ಅದರ ಟೆಸ್ಟ್ ಮಾಡಿದ್ವಿ, ರಿಪೋರ್ಟ್‌ನಲ್ಲಿ ರೆಮಿಷನ್ ಅಂತ ಬಂತು. ಅವರಪ್ಪ ಸಂಜೆ ಪೇಡ ತಂದು ವಾರ್ಡ್ ಪೂರ್ತಿ ಹಂಚಿದ್ರು, ನಾವೂ ತಿಂದ್ವಿ, ನಾವೂ ಕೈಕುಲುಕಿ ಕಂಗ್ರಾಜುಲೇಷನ್ಸ್ ಅಂದ್ವಿ. ಹತ್ತು ದಿನ ಬಿಟ್ಟು ಬನ್ನಿ ಅಂತ ಚೀಟಿ ಬರೆದುಕೊಟ್ಟು ಕಳ್ಸಿದ್ವಿ. ಬರ್ಲಿಲ್ಲ. ಫೋನ್ ಮಾಡಿದ್ರೆ, "ಆರಾಮ ಅದಾನ್ರೀ ಸರ, ಹೊಲಕ್ಕೂ ಹೊಂಟಾನ, ರಕ್ತ ಟೆಸ್ಟ್ ಮಾಡ್ಸಿದ್ವಿ ಎಲ್ಲಾ ನಾರ್ಮಲ್ ಐತಿ, ಮತ್ಯಾಕ್ರೀ ಆ ಕೀಮೋ?" ಐದನೇ ತಿಂಗಳಿಗೆ ವಾಪಸ್ ಬಂದಾಗ ಒಸಡಲ್ಲಿ ರಕ್ತ, ಮೈಮೇಲೆಲ್ಲಾ ಕೆಂಪು ಚುಕ್ಕಿ. ಎರಡನೇ ಸಲ ರೆಮಿಷನ್ ಬರ್ಲೇ ಇಲ್ಲ.

ಆ ಅಪ್ಪನದ್ದು ತಪ್ಪು ಅಂತ ನಾನು ಯಾವತ್ತೂ ಅಂದ್ಕೊಂಡಿಲ್ಲ. ರೆಮಿಷನ್ ಅಂದ್ರೆ ಏನು ಅಂತ ಅವರ ಭಾಷೇಲಿ ಒಬ್ಬರೂ ಕೂತು ಹೇಳಿರ್ಲಿಲ್ಲ, ನಾನೂ ಹೇಳಿರ್ಲಿಲ್ಲ. ಅದಕ್ಕೇ ಇವತ್ತಿನ ಈ ಮಾತು. ಇಲ್ಲಿ ಕೂತಿರೋರಲ್ಲಿ ಎಷ್ಟೋ ಜನರ ಮನೇಲಿ ಈಗ ಇದೇ ಹಂತ ನಡೀತಿದೆ ಅಂತ ನಂಗೆ ಗೊತ್ತು.

ಲೆಕ್ಕದಿಂದ ಹೇಳ್ತೀನಿ. ಕಾಯಿಲೆ ಗೊತ್ತಾದ ದಿನ ದೇಹದಲ್ಲಿ ಲ್ಯುಕೀಮಿಯಾ ಜೀವಕೋಶಗಳು ಸುಮಾರು ಒಂದು ಲಕ್ಷ ಕೋಟಿ ಇರತ್ತೆ. ಮೊದಲ ಕೀಮೋ, ಅದನ್ನ ಇಂಡಕ್ಷನ್ ಅಂತೀವಿ, ಏಳು ದಿನ ಸೈಟರಾಬಿನ್ ಮೂರು ದಿನ ಡೌನೊರುಬಿಸಿನ್, ವಾರ್ಡ್‌ನಲ್ಲಿ ಎಲ್ಲರ ಬಾಯಲ್ಲೂ "ಸೆವೆನ್ ಪ್ಲಸ್ ತ್ರೀ". 1970ರ ದಶಕದಿಂದ ಇವತ್ತಿನವರೆಗೂ ಅದೇ ಬುನಾದಿ. ಅದು ಚೆನ್ನಾಗಿ ಕೆಲಸ ಮಾಡಿದ್ರೆ ಮ್ಯಾರೋದಲ್ಲಿ ಕೆಟ್ಟ ಕೋಶಗಳು, ಬ್ಲಾಸ್ಟ್ ಅಂತೀವಲ್ಲ, ನೂರಕ್ಕೆ ಐದಕ್ಕಿಂತ ಕಮ್ಮಿ ಆಗತ್ತೆ, ಪ್ಲೇಟ್ಲೆಟ್ ಒಂದು ಲಕ್ಷ ದಾಟತ್ತೆ, ಬಿಳಿ ರಕ್ತಕಣ ಏರತ್ತೆ. ಇದಕ್ಕೆ ರೆಮಿಷನ್ ಅಂತ ಹೆಸರು. ಆದ್ರೆ ಲಕ್ಷ ಕೋಟೀಲಿ ಸಾವಿರದಲ್ಲಿ ಒಂದು ಪಾಲು ಮಾತ್ರ ಉಳೀತು ಅಂದ್ಕೊಂಡ್ರೂ ಅದು ನೂರು ಕೋಟಿ ಆಗತ್ತೆ. ನೂರು ಕೋಟಿ ಕೋಶ ಒಳಗಿದ್ರೂ ಮೈಕ್ರೋಸ್ಕೋಪಲ್ಲಿ ಮ್ಯಾರೋ ಚೊಕ್ಕಟವಾಗಿ ಕಾಣತ್ತೆ, ರಕ್ತದ ರಿಪೋರ್ಟ್ ನಾರ್ಮಲ್ ಇರತ್ತೆ, ಮನುಷ್ಯ ಹೊಲಕ್ಕೆ ಹೋಗ್ತಾನೆ.

ಹೊಲ ಅಂದ ತಕ್ಷಣ ನೆನಪಾಯ್ತು, ನಾನು ಈಗ ಮನೆಯವರಿಗೆಲ್ಲ ಜೇಕಿನ ಗಡ್ಡೆ ಕಥೆ ಹೇಳ್ತೀನಿ, ಕೆಲವು ಕಡೆ ಕೊನ್ನಾರಿ ಅಂತಾರೆ. ಜೇಕು ಅನ್ನೋ ಕಳೆ ಕಿತ್ತು ಹಾಕಿದ ದಿನ ಹೊಲ ನೋಡೋಕೆ ಎಷ್ಟು ಚೆಂದ ಇರತ್ತೆ. ಮಣ್ಣೊಳಗೆ ಗಡ್ಡೆ ಇರೋದು ಬೇಸಾಯ ಮಾಡೋರಿಗೆ ಗೊತ್ತು, ಒಂದು ಮಳೆ ಬಂದ್ರೆ ಸಾಕು. ಒಬ್ಬ ಅಜ್ಜ ಇದನ್ನ ಕೇಳಿ, "ಹಂಗಾರೆ ಇನ್ನೂ ಎರಡು ಮೂರು ಸಲ ಉಳುಮೆ ಆಗ್ಬೇಕು ಅನ್ನಿ" ಅಂದ್ರು. ಅಷ್ಟೇ ವಿಷಯ. ಆ ಎರಡು ಮೂರು ಸಲದ ಉಳುಮೆಗೇ ಕನ್ಸಾಲಿಡೇಷನ್ ಅಂತ ಹೆಸರು.

ಇದು ಹೊಸದಾಗಿ ಕಂಡುಕೊಂಡ ಸತ್ಯ ಏನಲ್ಲ. 1948ರಲ್ಲಿ ಬಾಸ್ಟನ್‌ನಲ್ಲಿ ಸಿಡ್ನಿ ಫಾರ್ಬರ್ ಅನ್ನೋ ಡಾಕ್ಟ್ರು ಲ್ಯುಕೀಮಿಯಾ ಆದ 16 ಮಕ್ಕಳಿಗೆ ಅಮಿನಾಪ್ಟೆರಿನ್ ಅನ್ನೋ ಔಷಧಿ ಕೊಟ್ರು, 10 ಮಕ್ಕಳು ಸುಧಾರಿಸಿದ್ರು. ಅಲ್ಲೀವರೆಗೆ ಈ ಕಾಯಿಲೆಗೆ ಕೈಕಟ್ಟಿ ಕೂರೋದು ಬಿಟ್ರೆ ಬೇರೆ ಏನೂ ಇರ್ಲಿಲ್ಲ, ಅಂಥದ್ರಲ್ಲಿ ಮಂಚ ಹಿಡಿದ ಮಗು ಎದ್ದು ಆಡ್ತು ಅಂದ್ರೆ ಯೋಚ್ನೆ ಮಾಡಿ. ಆದ್ರೆ ಆ ಸುಧಾರಣೆ ಕೆಲವೇ ತಿಂಗಳು ನಿಲ್ತು, ಕಾಯಿಲೆ ವಾಪಸ್ ಬಂತು. ಆ ಔಷಧಿ ಹಿಂದೆ ಇದ್ದೋರು ನಮ್ಮ ಪಕ್ಕದ ರಾಜ್ಯದೋರು, ಭೀಮಾವರದಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್, ಲೆಡರ್ಲೆ ಲ್ಯಾಬ್‌ನಲ್ಲಿ ಅವರ ತಂಡವೇ ಅದನ್ನ ತಯಾರಿಸಿದ್ದು. ಫಾರ್ಬರ್ ವರದಿ ಬಂದ ವರ್ಷವೇ ಅವರು ತೀರಿಕೊಂಡ್ರು. ಅದೇ ಕುಟುಂಬದ ಮೆಥೊಟ್ರೆಕ್ಸೇಟ್‌ನ ಇವತ್ತಿಗೂ ನಾವು ದಿನಾ ಬಳಸ್ತೀವಿ. ನಮ್ಮ ಸ್ಕೂಲ್ ಪುಸ್ತಕದಲ್ಲಿ ಅವರ ಬಗ್ಗೆ ಒಂದು ಪಾಠ ಇರ್ಬೇಕಿತ್ತು ಅಂತ ನಂಗೆ ಯಾವಾಗ್ಲೂ ಅನ್ಸತ್ತೆ.

ಸರಿ, ವಾಪಸ್ ಬರೋಣ. ದೊಡ್ಡೋರ ಎಎಂಎಲ್‌ನಲ್ಲಿ ರೆಮಿಷನ್ ಆದ್ಮೇಲೆ ಏನೂ ಕೊಡದೆ ಬಿಟ್ರೆ ಏನಾಗತ್ತೆ ಅಂತಲೂ ಅಮೆರಿಕಾದಲ್ಲಿ ನೋಡಿದ್ದಾರೆ, 1988ರಲ್ಲಿ ವರದಿ ಬಂತು. ಏನೂ ಕೊಡದೇ ಇದ್ದ ಗುಂಪಲ್ಲಿ ಅರ್ಧ ಜನಕ್ಕೆ ಸುಮಾರು 4 ತಿಂಗಳೊಳಗೇ ಕಾಯಿಲೆ ವಾಪಸ್. ನಾನು ಶುರುವಲ್ಲಿ ಹೇಳಿದ ಹುಡುಗ ಐದು ತಿಂಗಳು.

ಹಾಗಾದ್ರೆ ಎಷ್ಟು ಕೊಡ್ಬೇಕು? ಇದಕ್ಕೆ ಉತ್ತರ ಕೊಟ್ಟ ದೊಡ್ಡ ಟ್ರಯಲ್ 1994ರಲ್ಲಿ ಪ್ರಕಟ ಆಯ್ತು. ರೆಮಿಷನ್‌ಗೆ ಬಂದ ಸುಮಾರು 600 ಜನರನ್ನ ಮೂರು ಗುಂಪು ಮಾಡಿ ಒಂದೇ ಔಷಧಿ, ಸೈಟರಾಬಿನ್, ಮೂರು ಬೇರೆಬೇರೆ ಡೋಸ್‌ನಲ್ಲಿ ಕೊಟ್ರು. ಒಬ್ಬರಿಗೆ ದೇಹದ ಒಂದು ಚದರ ಮೀಟರಿಗೆ ದಿನಕ್ಕೆ 100 ಮಿಲಿಗ್ರಾಂ, ಇನ್ನೊಬ್ಬರಿಗೆ 400, ಮೂರನೇ ಗುಂಪಿಗೆ ಹನ್ನೆರಡು ಗಂಟೆಗೊಂದ್ಸಲ 3 ಗ್ರಾಂ, ಒಂದನೇ ಮೂರನೇ ಐದನೇ ದಿನ. ನಾಲ್ಕು ವರ್ಷ ಆದ್ಮೇಲೆ 60 ವರ್ಷದೊಳಗಿನೋರಲ್ಲಿ ಕಾಯಿಲೆ ಇಲ್ಲದೆ ಇದ್ದೋರು ನೂರಕ್ಕೆ 24, 29, 44. ಅದೇ ಔಷಧಿ, ಡೋಸ್ ಒಂದೇ ಬದಲಾಗಿದ್ದು, 24 ಇದ್ದಿದ್ದು 44 ಆಯ್ತು! ಅರವತ್ತು ದಾಟಿದೋರಿಗೆ ಮಾತ್ರ ಯಾವ ಡೋಸ್ ಕೊಟ್ರೂ 16 ದಾಟ್ಲಿಲ್ಲ, ಜೊತೆಗೆ ದೊಡ್ಡ ಡೋಸ್ ಅವರಿಗೆ ತಡ್ಕೊಳೋಕೂ ಆಗ್ಲಿಲ್ಲ. ಈಗ ಬಹಳ ಕಡೆ 3 ಗ್ರಾಂ ಬದಲು ಒಂದೂವರೆ ಗ್ರಾಂ ಅಥವಾ ಅದಕ್ಕೂ ಕಮ್ಮಿ ಕೊಡ್ತಾರೆ, ಫಲಿತಾಂಶ ಹೆಚ್ಚುಕಮ್ಮಿ ಅಷ್ಟೇ ಇದೆ, ಹಿಂಸೆ ಕಮ್ಮಿ. ಹಾಗಾಗಿ ಪಕ್ಕದ ಬೆಡ್‌ನವರ ಡೋಸ್ ಜೊತೆ ನಿಮ್ದನ್ನ ಹೋಲಿಸಿ ನಮಗೆ ಕಮ್ಮಿ ಕೊಟ್ರು ಅಂತ ರಾತ್ರಿಯೆಲ್ಲ ಕೊರಗ್ಬೇಡಿ.

ಈ ಕನ್ಸಾಲಿಡೇಷನ್ ಹೇಗಿರತ್ತೆ ಅಂತ ಹೇಳ್ಬೇಕು, ಯಾಕಂದ್ರೆ ಜನ ಇಂಡಕ್ಷನ್‌ಗೆ ಮನಸ್ಸು ಗಟ್ಟಿ ಮಾಡ್ಕೊಂಡು ಬಂದಿರ್ತಾರೆ, ಎರಡನೇ ಸಲಕ್ಕೆ ಮನಸ್ಸೂ ದುಡ್ಡೂ ಎರಡೂ ಸೋತಿರತ್ತೆ. ಕೀಮೋ ಕೊಡೋ ದಿನಗಳಲ್ಲಿ ಕಣ್ಣಿಗೆ ಸ್ಟೀರಾಯ್ಡ್ ಡ್ರಾಪ್ಸ್ ಹಾಕ್ತಾರೆ, ಈ ಔಷಧಿ ಕಣ್ಣೀರಲ್ಲೂ ಬಂದು ಕಣ್ಣು ಉರಿಸತ್ತೆ, ಡ್ರಾಪ್ಸ್ ತಪ್ಪಿಸ್ಬೇಡಿ. ಸಿಸ್ಟರ್ ಪ್ರತಿ ಡೋಸ್ ಮುಂಚೆ ಒಂದು ಹಾಳೇಲಿ ಸೈನ್ ಮಾಡಿ ಅಂದ್ರೆ ಗಾಬರಿ ಆಗ್ಬೇಡಿ, ಅದು ಯಾವ ಬಾಂಡೂ ಅಲ್ಲ. ದೊಡ್ಡ ಡೋಸ್ ಸೈಟರಾಬಿನ್ ಕೆಲವರಲ್ಲಿ ಕಿರುಮೆದುಳಿಗೆ ತೊಂದ್ರೆ ಕೊಡತ್ತೆ, ಮೊದಲು ಕೆಡೋದು ಕೈಬರಹ, ನಡಿಗೆ, ಮಾತಿನ ಸ್ಪಷ್ಟತೆ. ನಿನ್ನೆ ಸೈನ್ ಇವತ್ತಿನ ಸೈನ್ ಪಕ್ಕಪಕ್ಕ ಇಟ್ಟು ನೋಡ್ತಾರೆ. ನಮ್ಮಲ್ಲಿ ಒಬ್ಬ ಅಮ್ಮ ಹೆಬ್ಬೆಟ್ಟು ಒತ್ತೋರು, ಅವರ ಹತ್ರ ಸಿಸ್ಟರ್ ದಿನಾ ಒಂದು ಪುಟ್ಟ ರಂಗೋಲಿ ಎಳೆ ಹಾಕ್ಸಿ ನೋಡ್ತಿದ್ರು, ಆ ಹಾಳೆಗಳು ಇವತ್ತೂ ನನ್ನ ಹತ್ರ ಇವೆ.

ನಿಜವಾದ ಕಷ್ಟ ಇರೋದು ಕೀಮೋ ದಿನಗಳಲ್ಲಲ್ಲ, ಅದಾದ್ಮೇಲೆ ಎರಡನೇ ಮೂರನೇ ವಾರದಲ್ಲಿ. ಕೌಂಟ್ ನೆಲ ಕಚ್ಚತ್ತೆ. ಆಗ ಬರೋ ಜ್ವರ ಸಾಮಾನ್ಯ ಜ್ವರ ಅಲ್ಲ. ಥರ್ಮಾಮೀಟರ್ 100.4 ತೋರಿಸ್ತು ಅಂದ್ರೆ ರಾತ್ರಿ ಎರಡು ಗಂಟೆ ಇರ್ಲಿ, ಊರಲ್ಲಿ ಜಾತ್ರೆ ಇರ್ಲಿ, ಪ್ಯಾರಾಸಿಟಮಾಲ್ ನುಂಗಿಸಿ ಬೆಳಿಗ್ಗೆ ನೋಡೋಣ ಅನ್ಬೇಡಿ, ಹೊರಡಿ. ಆಸ್ಪತ್ರೆ ತಲುಪಿದ ಒಂದು ಗಂಟೆ ಒಳಗೆ ಆ್ಯಂಟಿಬಯಾಟಿಕ್ ನರಕ್ಕೆ ಹೋಗ್ಬೇಕು ಅನ್ನೋದು ನಮ್ಮ ನಿಯಮ. ದೂರದ ಊರಿನವರಿಗೆ ನಾನು ಹೇಳೋದು, ಆ ಎರಡು ಮೂರು ವಾರ ಆಸ್ಪತ್ರೆ ಹತ್ರವೇ ರೂಮ್ ಮಾಡ್ಕೊಂಡು ಇರಿ, ಎಂಟು ಗಂಟೆ ಬಸ್ ಪ್ರಯಾಣದಲ್ಲಿ ಕಳೆದುಹೋಗೋ ಜೀವ ನಾನು ನೋಡಿದ್ದೀನಿ. ಈ ಥರ ಮೂರು ಅಥವಾ ನಾಲ್ಕು ಸಲ.

ಇಲ್ಲಿಗೆ ಕೀಮೋ ಕಥೆ. ಈಗ ಎಲ್ಲರೂ ಕೇಳೋ ಪ್ರಶ್ನೆ, "ಸರ್, ಟ್ರಾನ್ಸ್‌ಪ್ಲಾಂಟ್ ಬೇಕಾ?"

ಮೊದಲು ಟ್ರಾನ್ಸ್‌ಪ್ಲಾಂಟ್ ಯಾಕೆ ಕೆಲಸ ಮಾಡತ್ತೆ ಅಂತ ಹೇಳ್ತೀನಿ, ಅದು ಗೊತ್ತಾದ್ರೆ ಯಾರಿಗೆ ಬೇಕು ಅನ್ನೋದು ತಾನಾಗೇ ಅರ್ಥ ಆಗತ್ತೆ. ಶುರುವಲ್ಲಿ ಡಾಕ್ಟ್ರುಗಳೆಲ್ಲ ಅಂದ್ಕೊಂಡಿದ್ದು ಹೀಗೆ: ಭಾರೀ ಡೋಸ್ ಕೀಮೋ, ರೇಡಿಯೇಷನ್ ಕೊಟ್ಟು ಎಲ್ಲಾ ಸುಟ್ಟುಹಾಕೋದು, ಮ್ಯಾರೋನೂ ಸುಟ್ಟುಹೋಗೋದ್ರಿಂದ ಬೇರೆಯವರದ್ದು ತಂದು ಹಾಕೋದು, ಅಂದ್ರೆ ಡೋನರ್ ಮ್ಯಾರೋ ಬರೀ ಒಂದು ಸ್ಟೆಪ್ನಿ ಥರ. ಹಾಗಿದ್ರೆ ಅವಳಿಜವಳಿ, ಒಂದೇ ಥರ ಇರೋ ಅವಳಿ, ಅವರ ಮ್ಯಾರೋ ಎಲ್ಲಕ್ಕಿಂತ ಬೆಸ್ಟ್ ಆಗ್ಬೇಕಿತ್ತು ಅಲ್ವಾ? 1990ರಲ್ಲಿ ಎರಡು ಸಾವಿರಕ್ಕೂ ಹೆಚ್ಚು ಟ್ರಾನ್ಸ್‌ಪ್ಲಾಂಟ್‌ಗಳ ಲೆಕ್ಕ ಹಾಕಿ ನೋಡಿದ್ರೆ ಉಲ್ಟಾ ಇತ್ತು. ಅವಳಿಯಿಂದ ತಗೊಂಡೋರಿಗೆ ಕಾಯಿಲೆ ಜಾಸ್ತಿ ವಾಪಸ್ ಬರ್ತಿತ್ತು, ಅಣ್ಣತಮ್ಮ ಅಕ್ಕತಂಗಿಯಿಂದ ತಗೊಂಡೋರಿಗೆ ಕಮ್ಮಿ. ಯಾಕಂದ್ರೆ ಹೊಸ ಮ್ಯಾರೋ ಜೊತೆ ಹೊಸ ಕಾವಲು ಪಡೆ ಬರತ್ತೆ, ಡೋನರ್‌ನ ಲಿಂಫೋಸೈಟ್‌ಗಳು. ಅವು ಉಳಿದಿರೋ ಲ್ಯುಕೀಮಿಯಾ ಕೋಶವನ್ನ ಪರಕೀಯ ಅಂತ ಗುರುತು ಹಿಡಿದು ಹೊಡೀತವೆ. ಅವಳಿಯ ಲಿಂಫೋಸೈಟ್‌ಗೆ ಅದು ತನ್ನದೇ ಅನ್ಸತ್ತೆ, ಸುಮ್ನೆ ಬಿಡತ್ತೆ. ಕೀಮೋ ಬಿಟ್ಟು ಹೋದ ಗಡ್ಡೆಗಳನ್ನ ವರ್ಷಗಟ್ಟಲೆ ಹುಡುಕಿ ಹುಡುಕಿ ತೆಗೆಯೋದು ಈ ಕಾವಲು ಪಡೆ. ಅದೇ ಪಡೆ ರೋಗಿಯ ಚರ್ಮ, ಕರುಳು, ಲಿವರ್ ಇವನ್ನೂ ಪರಕೀಯ ಅಂದ್ಕೊಂಡು ಹೊಡೆದ್ರೆ ಅದು ಜಿವಿಎಚ್‌ಡಿ. ಒಂದೇ ಕತ್ತಿಯ ಎರಡು ಬಾಯಿ, ಒಂದನ್ನ ಪೂರ್ತಿ ಮೊಂಡು ಮಾಡಿದ್ರೆ ಇನ್ನೊಂದೂ ಮೊಂಡಾಗತ್ತೆ.

ಇನ್ನು ಯಾವಾಗ ಮಾಡ್ಬೇಕು ಅನ್ನೋದು. ಸಿಯಾಟಲ್‌ನಲ್ಲಿ ಡೊನಾಲ್ ಥಾಮಸ್ ಅವರ ತಂಡ, ಇವರಿಗೆ 1990ರಲ್ಲಿ ನೊಬೆಲ್ ಬಂತು, 1977ರಲ್ಲಿ 100 ರೋಗಿಗಳ ವರದಿ ಕೊಟ್ಟಿತು. ಎಲ್ಲಾ ಔಷಧಿ ಸೋತು ಕೊನೇ ಹಂತಕ್ಕೆ ಬಂದಿದ್ದೋರು ಅವರು, 13 ಜನ ಉಳಿದ್ರು. ಉಳಿಯೋ ದಾರಿಯೇ ಇಲ್ಲದ 100 ಜನರಲ್ಲಿ 13. ಹಾಗಿದ್ರೆ ಕಾಯಿಲೆ ಸದ್ದಡಗಿರೋವಾಗಲೇ ಮಾಡಿದ್ರೆ ಅಂತ ಅವರೇ ಯೋಚ್ನೆ ಮಾಡಿ ಮೊದಲ ರೆಮಿಷನ್‌ನಲ್ಲೇ ಮಾಡಿದ್ರು, 1979ರ ವರದೀಲಿ ಅರ್ಧಕ್ಕಿಂತ ಹೆಚ್ಚು ಜನ ಬದುಕಿದ್ರು. ಈ ಎರಡು ವರದಿ ನಡುವಿನ ಅಂತರ ಇದ್ಯಲ್ಲ, ನಾನು ಇವತ್ತು ಹೇಳ್ತಿರೋದೆಲ್ಲ ಅದರೊಳಗೇ ಇದೆ. ರೆಮಿಷನ್ ಅಂದ್ರೆ ಬಾಗಿಲು ತೆರೆದಿರೋ ಹೊತ್ತು. ತಿಂಗಳುಗಟ್ಟಲೆ ತೆರೆದಿರಲ್ಲ.

ನಮ್ಮ ದೇಶದಲ್ಲಿ ಮೊದಲ ಬೋನ್ ಮ್ಯಾರೋ ಟ್ರಾನ್ಸ್‌ಪ್ಲಾಂಟ್ 1983ರಲ್ಲಿ ಮುಂಬೈನ ಟಾಟಾ ಮೆಮೋರಿಯಲ್‌ನಲ್ಲಿ ಆಯ್ತು, ಮಾಡಿದ್ದು ಡಾಕ್ಟರ್ ಸುರೇಶ್ ಅಡ್ವಾಣಿ. ಪೋಲಿಯೋ ಆಗಿ ವೀಲ್‌ಚೇರ್‌ನಲ್ಲೇ ಓಡಾಡೋರು ಅವರು. ಎಎಂಎಲ್ ಇದ್ದ ಒಂಬತ್ತು ವರ್ಷದ ಹುಡುಗಿಗೆ ಅವಳ ಅಣ್ಣತಮ್ಮನದ್ದೇ ಮ್ಯಾರೋ. ಅದಾಗಿ ಮೂರು ವರ್ಷಕ್ಕೆ ವೆಲ್ಲೂರಿನ ಸಿಎಂಸಿ ಶುರು ಮಾಡ್ತು. ಈಗ ಬೆಂಗಳೂರಲ್ಲೇ ಹಲವು ಕಡೆ ಆಗತ್ತೆ, ಸರ್ಕಾರದ ಕಿದ್ವಾಯಿಯಲ್ಲೂ ಯೂನಿಟ್ ಇದೆ.

ಈಗ ಯಾರಿಗೆ. ಎಲ್ಲರಿಗೂ ಬೇಡ, ಇದನ್ನ ಒತ್ತಿ ಹೇಳ್ತೀನಿ. ಟ್ರಾನ್ಸ್‌ಪ್ಲಾಂಟ್‌ನಿಂದಲೇ, ಅಂದ್ರೆ ಇನ್‌ಫೆಕ್ಷನ್, ಜಿವಿಎಚ್‌ಡಿ ಇಂಥದ್ರಿಂದಲೇ, ನೂರಕ್ಕೆ 10ರಿಂದ 20 ಜನ ತೀರಿಕೊಳ್ಳೋ ಸಾಧ್ಯತೆ ಇದೆ, ವಯಸ್ಸು ಡೋನರ್ ನೋಡ್ಕೊಂಡು ಆ ಸಂಖ್ಯೆ ಮೇಲೆಕೆಳಗೆ ಆಗತ್ತೆ. ಕೀಮೋದಲ್ಲೇ ವಾಸಿ ಆಗೋ ಮನುಷ್ಯನಿಗೆ ಆ ಅಪಾಯ ಯಾಕೆ ತಗೋಬೇಕು? ಹಾಗಾಗಿ ಮೊದಲ ದಿನವೇ ಮ್ಯಾರೋದಿಂದ ಕ್ರೋಮೋಸೋಮ್ ಟೆಸ್ಟು, ಜೀನ್ ಟೆಸ್ಟು ಕಳಿಸ್ತೀವಿ. ಎಂಟನೇ ಮತ್ತು 21ನೇ ಕ್ರೋಮೋಸೋಮ್ ಅದಲುಬದಲಾಗಿದ್ರೆ, 16ನೇದು ತಿರುವುಮುರುವಾಗಿದ್ರೆ, ಎನ್‌ಪಿಎಂ1 ಅನ್ನೋ ಜೀನ್‌ನಲ್ಲಿ ಬದಲಾವಣೆ ಇದ್ದು ಎಫ್‌ಎಲ್‌ಟಿ3 ಅನ್ನೋ ಜೀನ್‌ನ ತೊಂದರೆ ಇಲ್ಲದಿದ್ರೆ, ಅದನ್ನ ಒಳ್ಳೇ ಗುಂಪು ಅಂತೀವಿ, ಅಂಥೋರಿಗೆ ಸಾಮಾನ್ಯವಾಗಿ ಕೀಮೋ ಸಾಕು. ಟಿಪಿ53 ಅನ್ನೋ ಜೀನ್ ಕೆಟ್ಟಿದ್ರೆ, ಕ್ರೋಮೋಸೋಮ್‌ಗಳಲ್ಲಿ ಮೂರು ಅಥವಾ ಅದಕ್ಕಿಂತ ಹೆಚ್ಚು ತೊಂದರೆ ಇದ್ರೆ ಅದು ಕೆಟ್ಟ ಗುಂಪು, ಬರೀ ಕೀಮೋ ನಂಬ್ಕೊಂಡು ಕೂರೋ ಹಾಗಿಲ್ಲ. 2009ರಲ್ಲಿ 24 ಟ್ರಯಲ್‌ಗಳ ಸುಮಾರು 6000 ರೋಗಿಗಳ ಲೆಕ್ಕ ಒಟ್ಟುಮಾಡಿ ನೋಡಿದ್ರು: ಕೆಟ್ಟ ಗುಂಪಿನವರಿಗೆ, ಎರಡರ ನಡುವೆ ಇರೋ ಮಧ್ಯಮ ಗುಂಪಿನವರಿಗೆ ಮೊದಲ ರೆಮಿಷನ್‌ನಲ್ಲೇ ಟ್ರಾನ್ಸ್‌ಪ್ಲಾಂಟ್ ಮಾಡಿದ್ರೆ ಹೆಚ್ಚು ಜನ ಉಳೀತಾರೆ, ಒಳ್ಳೇ ಗುಂಪಿನವರಿಗೆ ಅದರಿಂದ ಲಾಭ ಇಲ್ಲ. ಎಪಿಎಲ್ ಅಂತ ಇನ್ನೊಂದು ಥರ ಇದೆ, ಅದಕ್ಕೆ ಅಟ್ರಾ ಮಾತ್ರೆ ಮತ್ತು ಆರ್ಸೆನಿಕ್, ಹೌದು ಪಾಷಾಣವೇ, ಅದರಲ್ಲೇ ವಾಸಿ ಆಗತ್ತೆ, ವೆಲ್ಲೂರಿನೋರು ಬರೀ ಆರ್ಸೆನಿಕ್‌ನಲ್ಲೇ ಒಳ್ಳೇ ಫಲಿತಾಂಶ ತೋರಿಸಿದ್ದಾರೆ. ಅವರಿಗೆ ಮೊದಲ ರೆಮಿಷನ್‌ನಲ್ಲಿ ಟ್ರಾನ್ಸ್‌ಪ್ಲಾಂಟ್ ಮಾತೇ ಎತ್ಬೇಡಿ.

ಆಮೇಲೆ ಎಂಆರ್‌ಡಿ. ಮೈಕ್ರೋಸ್ಕೋಪಿಗೆ ಕಾಣದಿರೋದನ್ನ ಹುಡುಕೋ ಟೆಸ್ಟು, ಹತ್ತು ಸಾವಿರ ಕೋಶದಲ್ಲಿ ಒಂದಿದ್ರೂ ಹಿಡಿಯತ್ತೆ. ಎನ್‌ಪಿಎಂ1 ಇರೋರಲ್ಲಿ ಇಂಗ್ಲೆಂಡಿನೋರು 2016ರಲ್ಲಿ ತೋರಿಸಿದ್ದು: ಎರಡನೇ ಕೀಮೋ ಆದ್ಮೇಲೂ ರಕ್ತದಲ್ಲಿ ಆ ಗುರುತು ಉಳಿದಿದ್ರೆ ಮೂರು ವರ್ಷದಲ್ಲಿ ನೂರಕ್ಕೆ 82 ಜನಕ್ಕೆ ವಾಪಸ್, ಉಳಿದಿಲ್ಲ ಅಂದ್ರೆ 30. ಅಂದ್ರೆ ಮೊದಲ ದಿನ ಒಳ್ಳೇ ಗುಂಪು ಅಂತ ಬರೆದಿದ್ದೂ ಬದಲಾಗ್ಬಹುದು. ಈ ಟೆಸ್ಟಿಗೆ ದುಡ್ಡು ಹೆಚ್ಚು ಅಂತ ಬಿಡೋರಿದ್ದಾರೆ. ಬೇರೆ ಎಲ್ಲಾದ್ರೂ ಉಳಿಸಿ, ಇದರಲ್ಲಿ ಬೇಡ.

ಡೋನರ್ ವಿಷಯ. ಕೋಶಗಳ ಮೇಲೆ ಇರೋ, ಮ್ಯಾಚ್ ನೋಡೋಕೆ ಬಳಸೋ ಎಚ್‌ಎಲ್‌ಎ ಅನ್ನೋ ಗುರುತಿನ ಅರ್ಧ ಅಪ್ಪನಿಂದ ಅರ್ಧ ಅಮ್ಮನಿಂದ ಬರತ್ತೆ, ಹಾಗಾಗಿ ಒಡಹುಟ್ಟಿದ ಒಬ್ಬರು ಪೂರ್ತಿ ಮ್ಯಾಚ್ ಆಗೋ ಸಾಧ್ಯತೆ ನೂರಕ್ಕೆ 25. ಇಬ್ಬರಿದ್ರೆ ಯಾರಾದ್ರೂ ಒಬ್ಬರು ಸಿಗೋದು 44ರ ಹತ್ರ. ಮನೇಲಿ ಒಂದೋ ಎರಡೋ ಮಕ್ಕಳು ಇರೋ ಕಾಲ ಇದು, ಆದ್ರಿಂದ ಬಹಳ ಜನಕ್ಕೆ ಸಿಗಲ್ಲ. ನಮ್ಮ ಕಡೆ ಸೋದರಮಾವನ ಜೊತೆ, ಅತ್ತೆ ಮಗನ ಜೊತೆ ಮದುವೆ ಆದ ಮನೆಗಳಿವೆಯಲ್ಲ, ಅಲ್ಲಿ ಕೆಲವೊಮ್ಮೆ ಅಪ್ಪನೋ ಅಮ್ಮನೋ ಪೂರ್ತಿ ಮ್ಯಾಚ್ ಆಗ್ತಾರೆ, ಅಂಥ ಮನೆಗಳಲ್ಲಿ ಸ್ವಲ್ಪ ಅಗಲವಾಗಿ ಹುಡುಕಿಸಿ, ಮದುವೆ ಸಂಬಂಧ ಡಾಕ್ಟ್ರಿಗೆ ಮುಚ್ಚಿಡ್ಬೇಡಿ. ಆಮೇಲೆ ರಿಜಿಸ್ಟ್ರಿಗಳಿವೆ, ಕೆನ್ನೆ ಒಳಗೆ ಹತ್ತಿಕಡ್ಡಿ ಸವರಿ ಹೆಸರು ಸೇರಿಸೋದು, ಬೆಂಗಳೂರಲ್ಲಿ ಡಿಕೆಎಂಎಸ್, ಚೆನ್ನೈನಲ್ಲಿ ದಾತ್ರಿ. ನಮ್ಮ ಜನ ರಿಜಿಸ್ಟ್ರಿಯಲ್ಲಿ ಇನ್ನೂ ತುಂಬಾ ಕಮ್ಮಿ, ನಮಗೆ ಮ್ಯಾಚ್ ಆಗೋದು ನಮ್ಮೋರೇ, ಜರ್ಮನಿಯವರು ಸಿಗೋದು ಅಪರೂಪ. ಇಲ್ಲಿರೋ ಹುಡುಗ ಹುಡುಗೀರು ಇವತ್ತೇ ಸೇರ್ಕೊಳ್ಳಿ.

ಯಾರೂ ಸಿಗದಿದ್ರೆ ಅರ್ಧ ಮ್ಯಾಚ್, ಹ್ಯಾಪ್ಲೋ. ಅಪ್ಪ, ಅಮ್ಮ, ಮಕ್ಕಳು ಯಾರಾದ್ರೂ ಆಗತ್ತೆ. ಮೊದಲು ಇದು ಬಹಳ ಅಪಾಯ ಇತ್ತು, ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್‌ನವರು ಒಂದು ಉಪಾಯ ಕಂಡುಹಿಡಿದ್ರು: ಕೋಶ ಕೊಟ್ಟ ಮೂರನೇ, ನಾಲ್ಕನೇ ದಿನ ಸೈಕ್ಲೋಫಾಸ್ಫಮೈಡ್ ಕೊಡೋದು. ಆ ಹೊತ್ತಿಗೆ ರೋಗಿಯ ದೇಹದ ಮೇಲೆ ಸಿಟ್ಟಾಗಿರೋ ಲಿಂಫೋಸೈಟ್‌ಗಳು ಜೋರಾಗಿ ಹೆಚ್ಚಾಗ್ತಿರ್ತವೆ, ಔಷಧಿ ಅವನ್ನ ಕೊಲ್ಲತ್ತೆ, ಹೊಸ ರಕ್ತ ತಯಾರಿಸೋ ಸ್ಟೆಮ್ ಸೆಲ್ ಸುಮ್ನಿರತ್ತೆ, ಅದು ಪಾರಾಗತ್ತೆ. ಹಳೇ ಅಗ್ಗದ ಔಷಧಿ. ನಮ್ಮಂಥ ದೇಶಕ್ಕೆ ಇದು ದೊಡ್ಡ ವರ.

ಟ್ರಾನ್ಸ್‌ಪ್ಲಾಂಟ್ ದಿನ ಆಪರೇಷನ್ ಥಿಯೇಟರ್ ಇರಲ್ಲ. ಒಂದು ವಾರ ಭಾರೀ ಕೀಮೋ ಆದ್ಮೇಲೆ ರಕ್ತದ ಬ್ಯಾಗ್ ಥರದ್ದೇ ಒಂದು ಬ್ಯಾಗ್ ನೇತು ಹಾಕ್ತಾರೆ, ಅಷ್ಟೇ. ಆ ಕೋಶಗಳು ತಾವೇ ದಾರಿ ಹುಡುಕ್ಕೊಂಡು ಮೂಳೆ ಒಳಗೆ ಹೋಗಿ ಕೂರ್ತವೆ, ಎರಡು ಮೂರು ವಾರಕ್ಕೆ ಮೊದಲ ಬಿಳಿಕಣ ಕಾಣ್ಸತ್ತೆ. ಎಷ್ಟು ಸಲ ನೋಡಿದ್ರೂ ನಂಗೆ ಇದು ಮಾಮೂಲಿ ಅನ್ಸಿಲ್ಲ. ಆಮೇಲೆ ರೋಗಿಯ ಬ್ಲಡ್ ಗ್ರೂಪ್ ಡೋನರ್‌ದ್ದಾಗತ್ತೆ, ಚಿಕ್ಕ ಮಕ್ಕಳ ಲಸಿಕೆ ಎಲ್ಲಾ ಮತ್ತೆ ಮೊದಲಿಂದ ಹಾಕಿಸ್ಬೇಕು. ಮೊದಲ 100 ದಿನ ಆಸ್ಪತ್ರೆ ಹತ್ರ ಇರ್ಬೇಕು.

ಎಎಲ್‌ಎಲ್, ಅಂದ್ರೆ ಮಕ್ಕಳಲ್ಲಿ ಹೆಚ್ಚಾಗಿ ಬರೋ ಇನ್ನೊಂದು ಥರದ ಲ್ಯುಕೀಮಿಯಾ, ಅದರ ಬಗ್ಗೆ ಚಿಕ್ಕದಾಗಿ, ಅದೇ ಒಂದು ದಿನದ ಮಾತು. ಅದರಲ್ಲಿ ರೆಮಿಷನ್ ಆದ್ಮೇಲೆ ಕನ್ಸಾಲಿಡೇಷನ್, ಬೆನ್ನುಮೂಳೆಗೆ ಇಂಜೆಕ್ಷನ್, ಆಮೇಲೆ ಸುಮಾರು ಎರಡು ವರ್ಷ ಮನೇಲೇ ಮಾತ್ರೆ. ಮಗು ಸ್ಕೂಲಿಗೆ ಹೋಗ್ತಿರತ್ತೆ, ಕೂದಲು ಬಂದಿರತ್ತೆ, ಮಾತ್ರೆ ಮರೆಯೋದು ಆಗಲೇ. ದಯವಿಟ್ಟು ಕ್ಯಾಲೆಂಡರ್ ಮೇಲೆ ಟಿಕ್ ಹಾಕಿ.

ಕೊನೇಲಿ ಒಬ್ಬ ತಾಯಿ ಎದ್ದು ನಿಂತು ಕೇಳಿದ್ರು: ತಮ್ಮನಿಗೆ ರೆಮಿಷನ್ ಆಗಿದೆ, ನಂದು ಪೂರ್ತಿ ಮ್ಯಾಚ್ ಬಂದಿದೆ, ನಂಗೆ ಎರಡು ಚಿಕ್ಕ ಮಕ್ಕಳು, ಮನೇಲಿ ಅತ್ತೆ ಬೇಡ ಅಂತಾರೆ, ಕೊಟ್ರೆ ನಂಗೇನಾದ್ರೂ ಆಗತ್ತಾ? ಅಮ್ಮಾ, ನಾಲ್ಕೈದು ದಿನ ಚರ್ಮದ ಕೆಳಗೆ ಒಂದು ಇಂಜೆಕ್ಷನ್ ಇರತ್ತೆ, ಜ್ವರ ಬಂದಾಗ ಆಗೋ ಥರ ಮೂಳೆ ನೋವು ಬರತ್ತೆ, ಆಮೇಲೆ ನಾಲ್ಕೈದು ಗಂಟೆ ಮಷೀನ್ ಪಕ್ಕ ಮಲಗ್ಬೇಕು, ಒಂದು ಕೈಯಿಂದ ರಕ್ತ ಹೋಗಿ ಸ್ಟೆಮ್ ಸೆಲ್ ತೆಗೆದು ಇನ್ನೊಂದು ಕೈಗೆ ವಾಪಸ್ ಬರತ್ತೆ. ನಿಮ್ಮ ಮ್ಯಾರೋ ಖಾಲಿ ಆಗಲ್ಲ, ಕೆಲವೇ ವಾರದಲ್ಲಿ ಪೂರ್ತಿ ತುಂಬ್ಕೊಳತ್ತೆ. ನಿಮ್ಮ ಆರೋಗ್ಯ ಮೊದಲು ಪೂರ್ತಿ ಚೆಕ್ ಮಾಡ್ತಾರೆ, ತೊಂದ್ರೆ ಇದ್ರೆ ಅವರೇ ಬೇಡ ಅಂತಾರೆ. ಬಸುರಿ ಬಾಣಂತನ ಆದ ಹೆಂಗಸರ ಕೋಶದಿಂದ ಗಂಡಸರಿಗೆ ಜಿವಿಎಚ್‌ಡಿ ಸ್ವಲ್ಪ ಜಾಸ್ತಿ, ಹಾಗಾಗಿ ಇನ್ನೊಬ್ಬ ತಮ್ಮನೂ ಮ್ಯಾಚ್ ಇದ್ರೆ ಅವನನ್ನ ಆರಿಸ್ಬಹುದು. ಇಲ್ಲ ಅಂದ್ರೆ ನೀವೇ. ಅತ್ತೆಯವರನ್ನ ಮುಂದಿನ ಸಲ ಜೊತೇಲಿ ಕರ್ಕೊಂಡು ಬನ್ನಿ, ನಾನೇ ಕೂತು ಮಾತಾಡ್ತೀನಿ, ಆದ್ರೆ ಮುಂದಿನ ತಿಂಗಳು ಬೇಡ, ಈ ವಾರ ಬನ್ನಿ.